ಗ್ಲೈಕಾಲ್ ಚಿಲ್ಲರ್: ಮನೆ ಬಿಯರ್ ತಯಾರಿಕೆಯಲ್ಲಿ ದೋಷ ಪತ್ತೆ ಮತ್ತು ದುರಸ್ತಿ

ನೀರು ಮತ್ತು ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿದ ದ್ರವವನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ತಣಿಸಿ, ಪಂಪಿನಿಂದ ಫರ್ಮೆಂಟರ್ ಎಂಬ ಹುದುಗಿಸುವ ಪಾತ್ರೆಯ ಕಾಯಿಲ್ ಅಥವಾ ಹೊರಕವಚದೊಳಗೆ ಹರಿಸಿ, ಹುದುಗುತ್ತಿರುವ ಬಿಯರ್‌ನ ಶಾಖವನ್ನು ಹೊರಗೆಳೆಯುವ ಯಂತ್ರವೇ ಗ್ಲೈಕಾಲ್ ಚಿಲ್ಲರ್. ದೊಡ್ಡ ಬ್ರೂವರಿಗಳಲ್ಲಿ ಇದು ಹಳೆಯ ಸಲಕರಣೆ. ಹವ್ಯಾಸಕ್ಕೆಂದು 20ರಿಂದ 60 ಲೀಟರ್ ಬಿಯರ್ ಮಾಡುವವರ ಗ್ಯಾರೇಜಿಗೆ, ಮುಖ್ಯವಾಗಿ ಅಮೆರಿಕ ಮತ್ತು ಆಸ್ಟ್ರೇಲಿಯಾಗಳಲ್ಲಿ, ಇದು ಕಾಲಿಟ್ಟದ್ದು ಈಚೆಗೆ. ಅಲ್ಲಿಯವರೆಗೆ ಹವ್ಯಾಸಿಗಳು ಹಳೆಯ ಫ್ರಿಡ್ಜಿನೊಳಗೆ ಬಕೆಟ್ ಇಟ್ಟೋ, ನೀರಿನ ಟಬ್ಬಿಗೆ ಐಸ್ ಬಾಟಲಿ ಹಾಕಿಯೋ ಕೆಲಸ ಸಾಗಿಸುತ್ತಿದ್ದರು. ಒಂದು ಫ್ರಿಡ್ಜಿನಲ್ಲಿ ಒಂದೇ ತಾಪಮಾನ ಸಾಧ್ಯ. ಒಂದು ಚಿಲ್ಲರ್ ಮಾತ್ರ ನಾಲ್ಕು ಫರ್ಮೆಂಟರುಗಳನ್ನು ನಾಲ್ಕು ಬೇರೆ ಬೇರೆ ತಾಪಮಾನದಲ್ಲಿ ಇಡಬಲ್ಲದು.

ಈ ಯಂತ್ರದ ಬಗ್ಗೆ ಕೇಳಿಬರುವ ದೂರು ಬಹುಮಟ್ಟಿಗೆ ಒಂದೇ: ಕೂಲಿಂಗ್ ಆಗುತ್ತಿಲ್ಲ. ಅದರ ಬೆನ್ನಿಗೇ ಬರುವ ತೀರ್ಮಾನವೂ ಒಂದೇ: ಗ್ಯಾಸ್ ಖಾಲಿಯಾಗಿರಬೇಕು. ಈ ತೀರ್ಮಾನ ಸಾಮಾನ್ಯವಾಗಿ ತಪ್ಪು. ಕಂಪ್ರೆಸರ್ ಮತ್ತು ಗ್ಯಾಸ್ ಇರುವ ಭಾಗ ಕಾರ್ಖಾನೆಯಲ್ಲೇ ಬೆಸುಗೆ ಹಾಕಿ ಮುಚ್ಚಿದ್ದು, ವರ್ಷಗಟ್ಟಲೆ ತೊಂದರೆ ಕೊಡದೆ ನಡೆಯುವಂಥದ್ದು. ದೋಷ ಅಡಗಿರುವುದು ಹೆಚ್ಚಾಗಿ ಬಳಕೆದಾರನೇ ಕೈಯಾರೆ ಜೋಡಿಸಿದ ಭಾಗಗಳಲ್ಲಿ, ಅಂದರೆ ಮಿಶ್ರಣ, ಪಂಪ್, ಪೈಪ್, ಸೆನ್ಸರ್ ಮತ್ತು ಹೊದಿಕೆಯಲ್ಲಿ. ಈ ಲೇಖನ ಅವುಗಳನ್ನು ಒಂದೊಂದಾಗಿ ನೋಡುತ್ತದೆ. ಇಲ್ಲಿನ ತಾಪಮಾನಗಳೆಲ್ಲ ಸೆಲ್ಸಿಯಸ್‌ನಲ್ಲಿವೆ.

ಹಿನ್ನೆಲೆ

ಯಂತ್ರದಿಂದ ಬಿಯರ್ ತಣಿಸುವ ವಿದ್ಯೆ ಜರ್ಮನಿಯದು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ತನ್ನ ಶೈತ್ಯ ಯಂತ್ರವನ್ನು ಮ್ಯೂನಿಕ್‌ನ ಶ್ಪಾಟೆನ್ ಬ್ರೂವರಿಯ ನೆರವಿನಿಂದ ಬೆಳೆಸಿದ. ಅದಕ್ಕೆ ಮುಂಚೆ ಲಾಗರ್ ಬಿಯರ್ ಮಾಡುವವರು ಚಳಿಗಾಲದಲ್ಲಿ ಕೆರೆಗಳಿಂದ ಕೊರೆದು ತಂದ ಹಿಮದ ಗಡ್ಡೆಗಳನ್ನೇ ನೆಲಮಾಳಿಗೆಗಳಲ್ಲಿ ಕೂಡಿಡಬೇಕಿತ್ತು. ಯಂತ್ರ ಬಂದ ಮೇಲೆ ತಂಪನ್ನು ಟ್ಯಾಂಕಿನವರೆಗೆ ಹೊತ್ತೊಯ್ಯಲು ಉಪ್ಪುನೀರು ಬಳಕೆಗೆ ಬಂತು. ಉಪ್ಪುನೀರು ಅಗ್ಗ, ಆದರೆ ಲೋಹವನ್ನು ತಿನ್ನುತ್ತದೆ. ಆ ಜಾಗವನ್ನು ಕ್ರಮೇಣ ಪ್ರೊಪಿಲೀನ್ ಗ್ಲೈಕಾಲ್ ತುಂಬಿತು.

ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡುವುದು ಒಕ್ಕೂಟದ ಕಾನೂನಿನಡಿ ಸಕ್ರಮವಾದದ್ದು 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆಯಿಂದ. ಅಲಬಾಮ ಮತ್ತು ಮಿಸಿಸಿಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ಕರ್ನಾಟಕದ ಸ್ಥಿತಿ ಬೇರೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಅದು ಮನೆ ಬಳಕೆಗಾದರೂ ಸರಿ. ಆದ್ದರಿಂದ ಇಲ್ಲಿ ಗ್ಲೈಕಾಲ್ ಚಿಲ್ಲರ್‌ಗೆ ಸಹಜವಾದ ನೆಲೆ ಎಂದರೆ ಬೆಂಗಳೂರಿನ ಪರವಾನಗಿ ಪಡೆದ ಬ್ರೂಪಬ್‌ಗಳು. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ತೆರೆದ ಮೇಲೆ ಅಂಥವು ನಗರದಲ್ಲಿ ಒಂದರ ಹಿಂದೊಂದು ಬಂದವು. ಹೊಸ ರೆಸಿಪಿಯ ಚಿಕ್ಕ ಬ್ಯಾಚ್ ಹಾಕುವ ಬ್ರೂವರ್‌ಗೂ, ಟೆಕ್ಸಸ್‌ನಲ್ಲೋ ಮೆಲ್ಬರ್ನ್‌ನಲ್ಲೋ ಕಾನೂನುಬದ್ಧವಾಗಿ ಈ ಹವ್ಯಾಸ ಹಿಡಿದ ಕನ್ನಡಿಗನಿಗೂ ಯಂತ್ರದ ತೊಂದರೆಗಳು ಒಂದೇ.

ರಚನೆ

ಚಿಲ್ಲರ್‌ನಲ್ಲಿ ಶಾಖ ಎರಡು ಸುತ್ತುಗಳಲ್ಲಿ ಸಾಗುತ್ತದೆ. ಮೊದಲನೆಯದು ಗ್ಯಾಸಿನ ಸುತ್ತು. ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡುತ್ತದೆ, ಕಂಡೆನ್ಸರ್ ಮತ್ತು ಫ್ಯಾನ್ ಆ ಬಿಸಿಯನ್ನು ಕೋಣೆಯ ಗಾಳಿಗೆ ಬಿಡುತ್ತವೆ, ಕ್ಯಾಪಿಲರಿ ಎಂಬ ಕೂದಲೆಳೆಯಂಥ ತಾಮ್ರದ ಕೊಳವೆಯಲ್ಲಿ ಒತ್ತಡ ಇಳಿಯುತ್ತದೆ, ತೊಟ್ಟಿಯೊಳಗಿನ ಕೂಲಿಂಗ್ ಕಾಯಿಲಿನಲ್ಲಿ ಗ್ಯಾಸ್ ಕುದಿದು ಗ್ಲೈಕಾಲಿನ ಶಾಖವನ್ನು ಹೀರುತ್ತದೆ. ಮನೆಯ ಫ್ರಿಡ್ಜಿನಲ್ಲಿ ನಡೆಯುವುದೂ ಇದೇ. ಎರಡನೆಯದು ಗ್ಲೈಕಾಲಿನ ಸುತ್ತು. ಇಲ್ಲಿ ತೊಟ್ಟಿಯಲ್ಲಿ ಮುಳುಗಿದ ಪಂಪ್, ಹೋಗುವ ಪೈಪ್, ಫರ್ಮೆಂಟರಿನ ಕಾಯಿಲ್, ಮರಳುವ ಪೈಪ್ ಇವೆ. ಎರಡಕ್ಕೂ ಪ್ರತ್ಯೇಕ ಕಂಟ್ರೋಲರ್ ಇರುತ್ತದೆ. ತೊಟ್ಟಿಯ ಕಂಟ್ರೋಲರ್ ಕಂಪ್ರೆಸರನ್ನು ಆಳುತ್ತದೆ, ಫರ್ಮೆಂಟರಿನ ಕಂಟ್ರೋಲರ್ ಬಿಯರ್‌ನಲ್ಲಿರುವ ಸೆನ್ಸರ್ ನೋಡಿ ಪಂಪನ್ನು ಆಳುತ್ತದೆ. ಕೆಲವೆಡೆ ಒಂದೇ ಪಂಪ್ ಸದಾ ಓಡುತ್ತಿದ್ದು, ಪ್ರತಿ ಫರ್ಮೆಂಟರಿಗೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಒಂದು ಸೊಲೆನಾಯ್ಡ್ ವಾಲ್ವ್ ಇರುತ್ತದೆ.

ತಯಾರಾದ ಯಂತ್ರ ಕೊಳ್ಳುವವರಷ್ಟೇ ಸಂಖ್ಯೆಯಲ್ಲಿ ಅಲ್ಲದಿದ್ದರೂ, ಹಳೆಯ ಕಿಟಕಿ ಎಸಿಯನ್ನು ಬಿಚ್ಚಿ, ಅದರ ಕೂಲಿಂಗ್ ಕಾಯಿಲನ್ನು ಜೋಪಾನವಾಗಿ ಬಗ್ಗಿಸಿ ಐಸ್ ಪೆಟ್ಟಿಗೆಯೊಳಗಿಟ್ಟು ಸ್ವಂತ ಚಿಲ್ಲರ್ ಮಾಡಿಕೊಳ್ಳುವವರೂ ಇದ್ದಾರೆ. ಜಾಣತನದ ಕೆಲಸ, ಖರ್ಚೂ ಕಡಿಮೆ. ಆದರೆ ಎಸಿ ರೂಪುಗೊಂಡಿರುವುದು ಕೋಣೆಯ ಗಾಳಿಯನ್ನು ತಣಿಸುವುದಕ್ಕೆ, ಹಿಮಬಿಂದುವಿನ ಕೆಳಗೆ ಓಡುವುದಕ್ಕಲ್ಲ. ಡಬ್ಬದ ಮೇಲೆ ಬರೆದಿರುವ ಸಾಮರ್ಥ್ಯ ಮೈನಸ್ 3 ಡಿಗ್ರಿಯ ಗ್ಲೈಕಾಲಿನಲ್ಲಿ ಸಿಗುವುದಿಲ್ಲ, ಅರ್ಧಕ್ಕೂ ಇಳಿಯಬಹುದು. ಜೊತೆಗೆ ಎಸಿಯ ಹಿಮ ತಡೆಯುವ ಸೆನ್ಸರ್ ಅಲ್ಲೇ ಉಳಿದಿದ್ದರೆ, ತೊಟ್ಟಿ ಸೊನ್ನೆಯ ಸಮೀಪ ಬರುತ್ತಿದ್ದಂತೆ ಅದು ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ. ಎಷ್ಟೋ ಮನೆ ಚಿಲ್ಲರ್‌ಗಳು 2 ಅಥವಾ 3 ಡಿಗ್ರಿಯಲ್ಲಿ ಹಟ ಹಿಡಿದು ನಿಲ್ಲುವುದಕ್ಕೆ ಕಾರಣ ಈ ಸೆನ್ಸರ್.

ಶಾಖದ ಲೆಕ್ಕ

ದುರಸ್ತಿಗೆ ಕೈಹಾಕುವ ಮೊದಲು ಯಂತ್ರ ಎಷ್ಟು ಶಾಖ ಎಳೆಯಬೇಕು ಎಂಬ ಅಂದಾಜು ಬೇಕು. ಅಂದಾಜಿಲ್ಲದವನು ಸರಿಯಾಗಿರುವ ಯಂತ್ರವನ್ನೂ ಬಿಚ್ಚುತ್ತಾನೆ.

ಮಧ್ಯಮ ಬಲದ, ಅಂದರೆ ಆರಂಭದ ಸಾಂದ್ರತೆ 1.050 ಇರುವ, ಇನ್ನೂ ಹುದುಗದ ಮಾಲ್ಟ್ ರಸವಾದ 20 ಲೀಟರ್ ವಾರ್ಟ್‌ನಲ್ಲಿ ಯೀಸ್ಟ್ ತಿಂದು ಮುಗಿಸುವ ಸಕ್ಕರೆ ಸುಮಾರು 1.7 ಕಿಲೋ. ಒಂದು ಕಿಲೋ ಸಕ್ಕರೆ ಹುದುಗಿದಾಗ ಹೊರಡುವ ಶಾಖ 600 ಕಿಲೋಜೂಲ್ ಆಸುಪಾಸು. ಒಟ್ಟು 1,000 ಕಿಲೋಜೂಲ್ ಎನ್ನೋಣ. ಅದು ಎಲ್ಲಿಗೂ ಹೋಗದೆ ಒಳಗೇ ಉಳಿದರೆ ಬಿಯರ್ 12 ಡಿಗ್ರಿಯಷ್ಟು ಬಿಸಿಯೇರುತ್ತದೆ. 20 ಡಿಗ್ರಿಯಲ್ಲಿ ಚೆನ್ನಾಗಿ ಕೆಲಸ ಮಾಡುವ ಏಲ್ ಯೀಸ್ಟ್ 30 ದಾಟಿದರೆ ಸ್ಪಿರಿಟ್ ವಾಸನೆಯ, ತಲೆ ಹಿಡಿಸುವ ಫ್ಯೂಸಲ್ ಆಲ್ಕೊಹಾಲ್‌ಗಳನ್ನು ಬಿಡುತ್ತದೆ. ಲಾಗರ್ ಯೀಸ್ಟಿಗೆ 8ರಿಂದ 12 ಡಿಗ್ರಿ ಬೇಕು. ಚಿಲ್ಲರ್‌ನ ಅಗತ್ಯ ಇರುವುದೇ ಇಲ್ಲಿ.

ಆದರೆ ಈ ಶಾಖ ದಿನಗಟ್ಟಲೆ ಹರಡಿಕೊಂಡು ಬರುತ್ತದೆ. ಅರ್ಧ ಭಾಗ ಒಂದೇ ದಿನದಲ್ಲಿ ಹೊರಬಿದ್ದರೂ ಸರಾಸರಿ 6 ವ್ಯಾಟ್ ಮಾತ್ರ. ಇನ್ನೊಂದು ಕಡೆ, 30 ಡಿಗ್ರಿಯ ಕೋಣೆಯಲ್ಲಿ ಹೊದಿಕೆಯಿಲ್ಲದೆ ನಿಂತ ಸ್ಟೀಲ್ ಫರ್ಮೆಂಟರ್ 2 ಡಿಗ್ರಿಯ ಬಿಯರ್ ಹಿಡಿದುಕೊಂಡಿದ್ದರೆ, ಹೊರಗಿನ ಗಾಳಿಯಿಂದ ಅದರೊಳಕ್ಕೆ ನುಗ್ಗುವ ಶಾಖ ನೂರು ವ್ಯಾಟ್ ಆಸುಪಾಸು. ಮೈಮೇಲೆ ನೀರಹನಿ ಕಟ್ಟುತ್ತಿದ್ದರೆ ಅದಕ್ಕೂ ಹೆಚ್ಚು. ಯಂತ್ರದ ನಿಜವಾದ ಹೊರೆ ಯೀಸ್ಟ್ ಅಲ್ಲ, ಕೋಣೆಯ ಸೆಕೆ. ಅರ್ಧ ಸೆಂಟಿಮೀಟರ್ ದಪ್ಪದ ನಿಯೋಪ್ರೀನ್ ಕವಚ ತೊಡಿಸಿದರೇ ಈ ಹೊರೆ ಅರ್ಧದಷ್ಟಕ್ಕೆ ಇಳಿಯುತ್ತದೆ, ಇನ್ನೂ ದಪ್ಪ ಫೋಮ್ ಸುತ್ತಿದರೆ ಇನ್ನೂ ಕಡಿಮೆ. ಬೇಸಿಗೆಯಲ್ಲಿ 6 ಡಿಗ್ರಿಗೆ ಬಂದು ಮುಂದೆ ಜಗ್ಗದ ಫರ್ಮೆಂಟರಿಗೆ ಅತಿ ಅಗ್ಗದ ಮದ್ದು ಹೊದಿಕೆ. ಬಿಯರ್ ಮಾಡುವವರು ಪಂಪ್ ಬದಲಿಸಲು ಮಾಡುವ ಖರ್ಚನ್ನು ಮೊದಲು ಇದಕ್ಕೆ ಮಾಡಬೇಕು. ಪೈಪುಗಳಿಗೂ ಹೊದಿಕೆ ಬೇಕು, ಮರಳುವ ಪೈಪಿಗೂ ಬೇಕು. ಅದು ಹೀರಿಕೊಂಡ ಶಾಖ ನೇರ ತೊಟ್ಟಿಗೇ ಬರುತ್ತದೆ.

ಮೊದಲ ಪರೀಕ್ಷೆ

ಎಲ್ಲ ಪರೀಕ್ಷೆಗಳಿಗೂ ಮುಂಚಿನದು ತೊಟ್ಟಿಯನ್ನು ಫರ್ಮೆಂಟರಿನಿಂದ ಬೇರ್ಪಡಿಸಿ ನೋಡುವುದು. ಫರ್ಮೆಂಟರಿಗೆ ಹೋಗುವ ಪಂಪುಗಳನ್ನು ಆರಿಸಿ, ಕಂಪ್ರೆಸರ್ ಒಂದನ್ನೇ ಓಡಿಸಬೇಕು. ತೊಟ್ಟಿಯ ದ್ರವವನ್ನು ಆಗಾಗ ಕಲಕುತ್ತ, ಕಂಟ್ರೋಲರ್ ತೋರಿಸುವ ಅಂಕಿಯನ್ನು ನಂಬದೆ ಬೇರೊಂದು ಥರ್ಮಾಮೀಟರಿನಿಂದ ಅರ್ಧ ಗಂಟೆಗೊಮ್ಮೆ ಅಳೆಯಬೇಕು. 10 ಲೀಟರ್ ಮಿಶ್ರಣ ಒಂದು ಗಂಟೆಯಲ್ಲಿ 20 ಡಿಗ್ರಿಯಿಂದ ಸೊನ್ನೆಗೆ ಇಳಿದರೆ ಯಂತ್ರ ಸರಾಸರಿ 200 ವ್ಯಾಟ್‌ಗೂ ಸ್ವಲ್ಪ ಹೆಚ್ಚು ಶಾಖ ಎಳೆಯುತ್ತಿದೆ ಎಂದು ಲೆಕ್ಕ. ಚಿಕ್ಕ ಚಿಲ್ಲರ್‌ಗೆ ಅದು ಆರೋಗ್ಯದ ಲಕ್ಷಣ.

ತೊಟ್ಟಿ ಹೀಗೆ ಸರಿಯಾಗಿ ತಣ್ಣಗಾದರೆ ಗ್ಯಾಸಿನ ಸುತ್ತು ನಿರ್ದೋಷಿ. ತೊಂದರೆಯನ್ನು ತೊಟ್ಟಿಯಿಂದಾಚೆ ಹುಡುಕಬೇಕು. ತೊಟ್ಟಿಯೇ ತಣ್ಣಗಾಗದಿದ್ದರೆ ಫರ್ಮೆಂಟರಿನ ಗೋಜಿಗೆ ಹೋಗಬೇಕಿಲ್ಲ. ಒಂದು ಗಂಟೆಯ ಈ ಪರೀಕ್ಷೆ ಅರ್ಧ ಯಂತ್ರವನ್ನು ಸಂದೇಹದಿಂದ ಬಿಡಿಸುತ್ತದೆ. ಇದನ್ನು ಮಾಡದೆ ಮೆಕ್ಯಾನಿಕ್ಕನ್ನು ಕರೆಯುವುದು ಹಣ ಕಳೆಯುವ ದಾರಿ.

ತೊಟ್ಟಿ ತಂಪು, ಬಿಯರ್ ಬಿಸಿ

ಮರಳುವ ಪೈಪಿನ ತುದಿಯನ್ನು ತೊಟ್ಟಿಯಿಂದ ಎತ್ತಿ ಒಂದು ಜಗ್ಗಿಗೆ ಹಿಡಿದು, ಒಂದು ನಿಮಿಷಕ್ಕೆ ಎಷ್ಟು ದ್ರವ ಬಂತೆಂದು ಅಳೆಯಬೇಕು. ಜೊತೆಗೆ ಹೋಗುವ ಮತ್ತು ಮರಳುವ ದ್ರವದ ತಾಪಮಾನವನ್ನೂ ನೋಡಬೇಕು. ನಿಮಿಷಕ್ಕೆ 2 ಲೀಟರ್ ಹರಿದು, 1 ಡಿಗ್ರಿ ವ್ಯತ್ಯಾಸ ಇದ್ದರೆ ಫರ್ಮೆಂಟರಿನಿಂದ ಸುಮಾರು 130 ವ್ಯಾಟ್ ಶಾಖ ಹೊರಬರುತ್ತಿದೆ. ಈ ಎರಡು ಅಂಕಿಗಳು ದೋಷದ ಜಾತಿಯನ್ನೇ ಹೇಳಿಬಿಡುತ್ತವೆ. ಹರಿವು ಕಡಿಮೆಯಿದ್ದು ವ್ಯತ್ಯಾಸ ಹೆಚ್ಚಿದ್ದರೆ ಪಂಪ್ ಅಥವಾ ಪೈಪ್ ತಪ್ಪಿತಸ್ಥ. ಹರಿವು ಧಾರಾಳವಾಗಿದ್ದು ವ್ಯತ್ಯಾಸ ಬಹುತೇಕ ಇಲ್ಲವೇ ಇಲ್ಲ ಎಂದರೆ ಕಾಯಿಲ್ ಬಿಯರ್‌ನಿಂದ ಶಾಖ ಹೀರುತ್ತಿಲ್ಲ. ಅದರ ಮೇಲೆ ಐಸ್ ಕಟ್ಟಿರಬಹುದು, ಬಿಯರ್ ಕಾಯಿಲನ್ನು ಮುಟ್ಟದಷ್ಟು ಕಡಿಮೆ ಇರಬಹುದು, ಕವಚ ಫರ್ಮೆಂಟರಿನ ಗೋಡೆಗೆ ಸರಿಯಾಗಿ ಅಂಟದೆ ನಡುವೆ ಗಾಳಿ ಸೇರಿರಬಹುದು.

ಹರಿವು ಕುಗ್ಗಲು ಕಾರಣಗಳು ಸಣ್ಣವು. ಸಿಲಿಕೋನ್ ಪೈಪ್ ಮೂಲೆಯಲ್ಲಿ ಮಡಚಿಕೊಂಡಿರುತ್ತದೆ. ಪಂಪಿನ ಜಾಲರಿಗೆ ಲೋಳೆ ಅಂಟಿರುತ್ತದೆ. ದ್ರವದ ಮಟ್ಟ ಇಳಿದು ಪಂಪ್ ಗಾಳಿ ಹೀರುತ್ತಿರುತ್ತದೆ, ಆಗ ಅದರ ಗುಂಯ್ ಶಬ್ದ ಬದಲಾಗಿ ಗೊರಗೊರ ಕೇಳುತ್ತದೆ. ಪೈಪ್ ಮೇಲಕ್ಕೆ ಹೋಗಿ ಕೆಳಕ್ಕೆ ಬಾಗುವ ಕಡೆ ಗಾಳಿ ಸಿಕ್ಕಿಕೊಂಡು ಹರಿವಿಗೆ ಅಡ್ಡ ನಿಲ್ಲುತ್ತದೆ. ಪೈಪನ್ನು ಅಲುಗಾಡಿಸಿ, ಫರ್ಮೆಂಟರಿನ ಜೋಡಣೆಯನ್ನು ಕ್ಷಣಕಾಲ ಸಡಿಲಿಸಿದರೆ ಆ ಗಾಳಿ ಹೊರಬೀಳುತ್ತದೆ. ಅಕ್ವೇರಿಯಂ ಮಾದರಿಯ ಚಿಕ್ಕ ಪಂಪುಗಳ ಡಬ್ಬದ ಮೇಲೆ ಬರೆದ ಹರಿವು ತುಸುವೂ ಎತ್ತರವಿಲ್ಲದ ಬರಿ ನೀರಿಗೆ ಸಂಬಂಧಿಸಿದ್ದು. ತಣ್ಣನೆಯ ಗ್ಲೈಕಾಲ್ ನೀರಿಗಿಂತ ಹಲವು ಪಟ್ಟು ಮಂದ. ಫರ್ಮೆಂಟರ್ ಸ್ಟ್ಯಾಂಡಿನ ಮೇಲಿದ್ದು ತೊಟ್ಟಿ ನೆಲದ ಮೇಲಿದ್ದರೆ ಅಂಥ ಪಂಪಿನಿಂದ ಏನೂ ಬರದೆಯೂ ಇರಬಹುದು. ಪಂಪು ಬೇಕಾದ್ದಕ್ಕಿಂತ ದೊಡ್ಡದಾದರೂ ತೊಂದರೆಯೇ. ಮುಳುಗಿದ ಪಂಪ್ ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಗ್ಲೈಕಾಲಿಗೇ ಸೇರುತ್ತದೆ.

ಸೆನ್ಸರ್ ವಿಷಯದಲ್ಲಿ ಜನ ತೋರುವ ನಂಬಿಕೆಗೆ ಆಧಾರವಿಲ್ಲ. ಈ ಕಂಟ್ರೋಲರ್‌ಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಥರ್ಮಿಸ್ಟರ್‌ಗೆ ತೇವ ತಗುಲಿದರೆ ಅದು ಒಂದೆರಡು ಡಿಗ್ರಿ ಸುಳ್ಳು ಹೇಳಲು ಶುರು ಮಾಡುತ್ತದೆ. ಪುಡಿ ಮಾಡಿದ ಐಸಿಗೆ ಸ್ವಲ್ಪವೇ ನೀರು ಹಾಕಿ ಕಲಕಿ, ಸೆನ್ಸರನ್ನು ಅದರ ನಡುವೆ ಐದು ನಿಮಿಷ ಅದ್ದಿಡಬೇಕು. ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಎಷ್ಟು ತಪ್ಪುತ್ತಿದೆಯೋ ಅಷ್ಟನ್ನು ಕಂಟ್ರೋಲರಿನ ಕ್ಯಾಲಿಬ್ರೇಶನ್ ಸೆಟ್ಟಿಂಗಿನಲ್ಲಿ ಸರಿಪಡಿಸಬಹುದು. ಅಂಕಿ ನಿಲ್ಲದೆ ಕುಣಿಯುತ್ತಿದ್ದರೆ ಸೆನ್ಸರನ್ನೇ ಬದಲಿಸಬೇಕು.

ಸೆನ್ಸರ್ ಸರಿಯಿದ್ದರೂ ಅದು ಇರುವ ಜಾಗ ತಪ್ಪಾಗಿರಬಹುದು. ಹುದುಗುವಿಕೆ ಜೋರಾಗಿರುವಾಗ ಮೇಲೇಳುವ ಗುಳ್ಳೆಗಳೇ ಬಿಯರನ್ನು ಕಲಕುತ್ತವೆ, ಎಲ್ಲಿ ಅಳೆದರೂ ಹೆಚ್ಚುಕಡಿಮೆ ಒಂದೇ. ಹುದುಗುವಿಕೆ ನಿಂತ ಮೇಲೆ ಬಿಯರ್ ಪದರಪದರವಾಗುತ್ತದೆ. ತಣ್ಣಗಾದದ್ದು ತಳಕ್ಕೆ ಇಳಿದು, ಕಾಯಿಲಿನ ಕೆಳಗಿರುವ ಸೆನ್ಸರ್ 4 ಡಿಗ್ರಿ ತೋರಿಸುತ್ತದೆ, ಮೇಲ್ಭಾಗ ಇನ್ನೂ 10ರಲ್ಲಿರುತ್ತದೆ. ಇನ್ನೂ ಕೆಳಗೆ ಹೋದರೆ ಈ ನಡತೆ ತಿರುಗುಮುರುಗು. ನೀರು 4 ಡಿಗ್ರಿಯಲ್ಲಿ ಅತಿ ಸಾಂದ್ರವಾಗುವಂತೆ ಬಿಯರ್ ಸುಮಾರು 3 ಡಿಗ್ರಿಯಲ್ಲಿ ಅತಿ ಸಾಂದ್ರ. ಅದಕ್ಕಿಂತ ತಣ್ಣಗಾದ ಬಿಯರ್ ಮೇಲಕ್ಕೇರುತ್ತದೆ. 3 ಡಿಗ್ರಿಯ ಹತ್ತಿರ ಸೆನ್ಸರ್ ಅಂಕಿ ಗಂಟೆಗಟ್ಟಲೆ ಅಲುಗದೆ ನಿಂತರೆ ಅದು ಕೆಟ್ಟಿದೆ ಎಂದಲ್ಲ, ಬಿಯರ್ ತಿರುಗಾಡುವುದನ್ನು ನಿಲ್ಲಿಸಿದೆ ಎಂದರ್ಥ. ಫರ್ಮೆಂಟರಿನ ತಳದಿಂದ ಸ್ವಲ್ಪ ಇಂಗಾಲದ ಡೈಆಕ್ಸೈಡ್ ಬಿಟ್ಟು ಕಲಕಿದರೆ ಪದರ ಒಡೆಯುತ್ತದೆ. ಕಾದರೂ ಆದೀತು.

ಒಂದೇ ಪಂಪಿಗೆ ಹಲವು ಫರ್ಮೆಂಟರ್ ಜೋಡಿಸಿದಲ್ಲಿ ಇನ್ನೊಂದು ಗೊಂದಲ ಕಾಣಬರುತ್ತದೆ. ತಂಪು ಕೇಳದ ಫರ್ಮೆಂಟರೂ ತಣ್ಣಗಾಗುತ್ತ ಹೋಗುತ್ತದೆ. ಸೊಲೆನಾಯ್ಡ್ ವಾಲ್ವಿನಲ್ಲಿ ಕಸ ಸಿಕ್ಕಿ ಪೂರ್ತಿ ಮುಚ್ಚದಿರುವುದು ಮಾಮೂಲಿ ಕಾರಣ. ಪ್ರತ್ಯೇಕ ಪಂಪುಗಳಿದ್ದು ಮರಳುವ ಪೈಪುಗಳನ್ನು ಮಾತ್ರ ಒಂದಕ್ಕೆ ಸೇರಿಸಿದ್ದರೆ, ಒಂದರ ದ್ರವ ಇನ್ನೊಂದರೊಳಕ್ಕೆ ಹಿಂದಿನಿಂದ ನುಗ್ಗುತ್ತದೆ. ಪ್ರತಿ ಸಾಲಿಗೂ ದ್ರವವನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಚೆಕ್ ವಾಲ್ವ್ ಹಾಕಿದರೆ ಸಮಸ್ಯೆ ಮುಗಿಯಿತು.

ಮಿಶ್ರಣ

ಮನೆ ಚಿಲ್ಲರ್‌ಗಳ ತೊಂದರೆಗಳಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ತೊಟ್ಟಿಯಲ್ಲಿರುವ ದ್ರವ. ಒಮ್ಮೆ ತುಂಬಿದರೆ ಮುಗಿಯಿತು ಎಂದು ಜನ ತಿಳಿಯುತ್ತಾರೆ, ಅದು ದಿನೇದಿನೇ ಬದಲಾಗುತ್ತಿರುತ್ತದೆ.

ಗಾತ್ರದ ಲೆಕ್ಕದಲ್ಲಿ ಶೇ 20 ಪ್ರೊಪಿಲೀನ್ ಗ್ಲೈಕಾಲ್ ಇರುವ ಮಿಶ್ರಣ ಮೈನಸ್ 7 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟಲು ತೊಡಗುತ್ತದೆ, ಶೇ 30ರದ್ದು ಮೈನಸ್ 13ರ ಹತ್ತಿರ, ಶೇ 50ರದ್ದು ಮೈನಸ್ 33ರ ಹತ್ತಿರ. ತೊಟ್ಟಿಯನ್ನು ಮೈನಸ್ 3ಕ್ಕೆ ಇಡುವವರು ಶೇ 20 ಸಾಕಲ್ಲ ಎಂದುಕೊಳ್ಳುತ್ತಾರೆ. ಸಾಲದು. ತೊಟ್ಟಿಯ ದ್ರವ ಮೈನಸ್ 3ರಲ್ಲಿದ್ದಾಗ ಕೂಲಿಂಗ್ ಕಾಯಿಲಿನ ಮೈ ಅದಕ್ಕಿಂತ ಎಷ್ಟೋ ಡಿಗ್ರಿ ಕೆಳಗಿರುತ್ತದೆ. ಮಿಶ್ರಣ ತೆಳುವಾಗಿದ್ದರೆ ಕಾಯಿಲಿನ ಸುತ್ತ ಮೊದಲು ಐಸಿನ ಪೊರೆ ಕಟ್ಟುತ್ತದೆ, ಆಮೇಲೆ ಅದು ದಪ್ಪಗಾಗುತ್ತ ಹೋಗುತ್ತದೆ. ಐಸ್ ಶಾಖವನ್ನು ತಡೆಯುವುದರಿಂದ ತೊಟ್ಟಿ ತಣ್ಣಗಾಗುವುದು ನಿಧಾನವಾಗುತ್ತದೆ, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ. ನೋಡುವವನಿಗೆ ಇದು ಗ್ಯಾಸ್ ಖಾಲಿಯಾದ ಲಕ್ಷಣದಂತೆಯೇ ತೋರುತ್ತದೆ. ಮುಚ್ಚಳ ತೆಗೆದು ಕೈಬತ್ತಿ ಹಿಡಿದು ಕಾಯಿಲನ್ನು ನೋಡಿದರೆ ಬಿಳಿಯ ಐಸ್ ಕಾಣಿಸುತ್ತದೆ. ಕಂಪ್ರೆಸರ್ ನಿಲ್ಲಿಸಿ ಕರಗಲು ಬಿಟ್ಟು, ಗ್ಲೈಕಾಲ್ ಸೇರಿಸಿದರೆ ಯಂತ್ರ ಮೊದಲಿನಂತಾಗುತ್ತದೆ. ಚಾಕು ಅಥವಾ ಸ್ಕ್ರೂಡ್ರೈವರಿನಿಂದ ಐಸ್ ಕೆರೆಯುವುದಂತೂ ಬೇಡವೇ ಬೇಡ. ತಾಮ್ರದ ಕೊಳವೆ ತೂತಾದರೆ ಆ ಕ್ಷಣಕ್ಕೆ ಯಂತ್ರ ನಿಜವಾಗಿ ಗ್ಯಾಸ್ ಕಳೆದುಕೊಳ್ಳುತ್ತದೆ.

ಹಾಗೆಂದು ಅರ್ಧಕ್ಕರ್ಧ ಗ್ಲೈಕಾಲ್ ಸುರಿಯುವುದೂ ಸರಿಯಲ್ಲ. ಗ್ಲೈಕಾಲ್ ಹೆಚ್ಚಿದಷ್ಟೂ ದ್ರವ ಮಂದವಾಗುತ್ತದೆ, ಶಾಖ ಹೊರುವ ಶಕ್ತಿಯೂ ಇಳಿಯುತ್ತದೆ. ಪಂಪ್ ತಿಣುಕುತ್ತದೆ. ಮನೆ ಬಳಕೆಗೆ ಶೇ 30ರಿಂದ 35 ಹದವಾದ ಪ್ರಮಾಣ.

ಈ ಪ್ರಮಾಣ ತನ್ನಷ್ಟಕ್ಕೆ ಕುಸಿಯುತ್ತದೆ. ಸೊನ್ನೆಗಿಂತ ಕೆಳಗಿರುವ ದ್ರವದ ಮೇಲೆ ತೇವದ ಗಾಳಿ ಆಡಿದರೆ ಗಾಳಿಯ ನೀರು ದ್ರವಕ್ಕೆ ಸೇರುತ್ತದೆ. ಕಡಲತೀರದ ಊರುಗಳಲ್ಲಿ, ಮಳೆಗಾಲದಲ್ಲಿ, ಮುಚ್ಚಳ ಸರಿಯಾಗಿ ಕೂರದ ತೊಟ್ಟಿಯ ಮಟ್ಟ ತಾನಾಗಿಯೇ ಏರುವುದನ್ನು ಕಾಣಬಹುದು. ಅದು ಏರಿದಷ್ಟೂ ಮಿಶ್ರಣ ತೆಳುವಾಗಿದೆ. ಕಡಿಮೆಯಾದಾಗ ಬರಿ ನೀರು ಹಾಕಿ ಸರಿತೂಗಿಸುವ ಅಭ್ಯಾಸವೂ ಅದೇ ಫಲ ಕೊಡುತ್ತದೆ. ಪ್ರಮಾಣ ಅಳೆಯಲು ಗ್ಲೈಕಾಲಿಗೆಂದೇ ಅಂಕಿ ಕೊರೆದ ರಿಫ್ರಾಕ್ಟೋಮೀಟರ್ ಸಿಗುತ್ತದೆ. ವಾರ್ಟ್ ಅಳೆಯುವ ಬ್ರಿಕ್ಸ್ ಮೀಟರಿನ ಅಂಕಿಯನ್ನೇ ಗ್ಲೈಕಾಲಿನ ಶೇಕಡಾ ಎಂದು ಓದಬಾರದು, ಎರಡೂ ಬೇರೆ. ಉಪಕರಣ ಇಲ್ಲದವರು ಒಂದು ಲೋಟ ಮಿಶ್ರಣವನ್ನು ಮೈನಸ್ 18ರ ಫ್ರೀಜರಿನಲ್ಲಿ ರಾತ್ರಿಯಿಡೀ ಇಡಬಹುದು. ಶೇ 40ರ ಮಿಶ್ರಣ ಅಲ್ಲಿ ದ್ರವವಾಗಿಯೇ ಉಳಿಯುತ್ತದೆ, ಶೇ 30ರದ್ದು ಐಸ್ ಹರಳು ತುಂಬಿದ ಗಂಜಿಯಂತಾಗುತ್ತದೆ, ಶೇ 20ರದ್ದು ಇನ್ನೂ ಗಟ್ಟಿ.

ಗ್ಲೈಕಾಲ್ ತೀರ ಕಡಿಮೆಯಾದ ದ್ರವದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಶೇ 25ಕ್ಕಿಂತ ಕೆಳಗೆ ಗ್ಲೈಕಾಲ್ ಅವುಗಳನ್ನು ತಡೆಯುವ ಬದಲು ಅವುಗಳಿಗೆ ಆಹಾರವಾಗುತ್ತದೆ. ಪೈಪಿನೊಳಗೆ ಲೋಳೆ, ಹುಳಿ ವಾಸನೆ, ಕಂದು ಬಣ್ಣ ಕಂಡರೆ ಪೂರ್ತಿ ಚೆಲ್ಲಿ ತೊಳೆದು ಹೊಸದು ತುಂಬುವುದೇ ದಾರಿ. ನೀರು ಡಿಸ್ಟಿಲ್ಡ್ ಅಥವಾ ಆರ್‌ಓ ಆಗಿರಬೇಕು. ಬೆಂಗಳೂರಿನ ಬೋರ್‌ವೆಲ್ ನೀರಿನಂಥ ಗಡಸು ನೀರು ಕಾಯಿಲಿನ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ಅದರಲ್ಲಿನ ಕ್ಲೋರೈಡ್ ಸ್ಟೀಲನ್ನೂ ಕೊರೆಯುತ್ತದೆ.

ತೊಟ್ಟಿಯೇ ತಣ್ಣಗಾಗದಿದ್ದರೆ

ಮೊದಲು ಕಂಡೆನ್ಸರ್. ಧೂಳು, ನಾಯಿಯ ಕೂದಲು, ಮಾಲ್ಟ್ ಬೀಸಿದ ಪುಡಿ ಅದರ ರೆಕ್ಕೆಗಳ ನಡುವೆ ತುಂಬಿಕೊಂಡಿರುತ್ತವೆ. ಮಾಲ್ಟ್ ಬೀಸುವ ಮೂಲೆಯಲ್ಲೇ ಚಿಲ್ಲರ್ ಇಟ್ಟವರ ಯಂತ್ರದಲ್ಲಿ ಇದು ಖಚಿತ. ಪ್ಲಗ್ ತೆಗೆದು ಮೆತ್ತನೆಯ ಬ್ರಶ್ಶಿನಿಂದ ರೆಕ್ಕೆಗಳ ಉದ್ದಕ್ಕೂ ಗುಡಿಸಬೇಕು, ಅಡ್ಡಕ್ಕೆ ಎಳೆದರೆ ಅವು ಬಾಗುತ್ತವೆ. ಯಂತ್ರದ ಹಿಂದೆ ಮುಂದೆ ಒಂದು ಗೇಣಿನಷ್ಟಾದರೂ ಜಾಗ ಬಿಟ್ಟಿರಬೇಕು. ಮುಚ್ಚಿದ ಸ್ಟೋರ್ ರೂಮಿನಲ್ಲಿ ಇಟ್ಟರೆ ಯಂತ್ರ ತಾನು ಹೊರಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಕೋಣೆ 40 ಡಿಗ್ರಿ ದಾಟುತ್ತದೆ, ಕಂಪ್ರೆಸರಿನ ಓವರ್‌ಲೋಡ್ ಸ್ವಿಚ್ ಬಿದ್ದು ಯಂತ್ರ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ.

ಆಮೇಲೆ ಕರೆಂಟ್. ಕಂಪ್ರೆಸರ್ ಹೊರಡುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಕಡಿಮೆಯಿದ್ದರೆ, ಅಥವಾ ಗ್ಯಾರೇಜಿನ ತನಕ ತೆಳ್ಳಗಿನ ಉದ್ದನೆಯ ಎಕ್ಸ್‌ಟೆನ್ಶನ್ ವೈರ್ ಎಳೆದಿದ್ದರೆ, ಅದು ಒಂದು ಕ್ಷಣ ಗೊಣಗಿ ಟಕ್ ಎಂದು ಬೀಳುತ್ತದೆ. ಕೆಲವು ನಿಮಿಷ ಬಿಟ್ಟು ಅದೇ ಶಬ್ದ ಮರುಕಳಿಸುತ್ತದೆ. ವೋಲ್ಟೇಜ್ ಸರಿಯಿದ್ದೂ ಹೀಗಾದರೆ ಸ್ಟಾರ್ಟಿಂಗ್ ರಿಲೇ ಅಥವಾ ಕೆಪಾಸಿಟರ್ ಸೋತಿದೆ. ಊದಿಕೊಂಡ ಕೆಪಾಸಿಟರ್ ಕಣ್ಣಿಗೇ ಕಾಣುತ್ತದೆ. ಅದರಲ್ಲಿ ಕರೆಂಟ್ ಉಳಿದಿರುತ್ತದೆ, ತಿಳಿದವರೇ ಮುಟ್ಟಬೇಕು. ಅಮೆರಿಕದಿಂದ ಸಾಮಾನಿನೊಂದಿಗೆ ಚಿಲ್ಲರ್ ತಂದವರು ಒಂದು ವಿಷಯ ತಿಳಿದಿರಬೇಕು. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್, ಇಲ್ಲಿಯದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಮಾತ್ರ ಇಳಿಸುತ್ತದೆ, ಹರ್ಟ್ಸನ್ನು ಬದಲಿಸುವುದಿಲ್ಲ. ಕಂಪ್ರೆಸರ್ ಆರರಲ್ಲಿ ಒಂದು ಪಾಲು ನಿಧಾನವಾಗಿ, ಹೆಚ್ಚು ಬಿಸಿಯಾಗಿ ಓಡುತ್ತದೆ. ಅದರ ಮೇಲೆ 50 ಹರ್ಟ್ಸ್ ಎಂದೂ ನಮೂದಿಸಿಲ್ಲದಿದ್ದರೆ ಇಲ್ಲಿ ಓಡಿಸಬಾರದು.

ಕಂಪ್ರೆಸರ್ ನಿಂತ ಕೂಡಲೇ ಮತ್ತೆ ಶುರುವಾಗದಂತೆ ಕಂಟ್ರೋಲರ್‌ನಲ್ಲಿ ವಿಳಂಬದ ಸೆಟ್ಟಿಂಗ್ ಇರುತ್ತದೆ. ಬಹಳಷ್ಟರಲ್ಲಿ ಅದು 3 ನಿಮಿಷ. ಒಳಗಿನ ಒತ್ತಡ ಸಮವಾಗಲು ಆ ಸಮಯ ಬೇಕು. ಅದನ್ನು ಸೊನ್ನೆ ಮಾಡುವುದು, ಅಥವಾ ತೊಟ್ಟಿಯ ತಾಪಮಾನದ ಅಂತರವನ್ನು ಅರ್ಧ ಡಿಗ್ರಿಗೆ ಇಡುವುದು ಕಂಪ್ರೆಸರಿನ ಆಯಸ್ಸನ್ನು ತಿನ್ನುತ್ತದೆ. ತೊಟ್ಟಿಗೆ 2 ಡಿಗ್ರಿ ಅಂತರ ಸಾಕು. ಬಿಯರ್‌ಗೆ ಬೇಕಾದ ನಿಖರತೆಯನ್ನು ಫರ್ಮೆಂಟರಿನ ಪಂಪ್ ನೋಡಿಕೊಳ್ಳುತ್ತದೆ.

ಇವೆಲ್ಲ ಸರಿಯಿದ್ದು, ಕಂಪ್ರೆಸರ್ ಬಿಡದೆ ಓಡಿ, ಕಂಡೆನ್ಸರ್ ಬೆಚ್ಚಗೂ ಆಗದೆ, ಕೂಲಿಂಗ್ ಕಾಯಿಲಿನ ಮೊದಲ ಸುತ್ತು ಮಾತ್ರ ತಣ್ಣಗಿದ್ದು ಉಳಿದ ಸುತ್ತುಗಳು ಹಾಗೇ ಇದ್ದರೆ ಆಗ ಗ್ಯಾಸ್ ಸೋರಿದೆ ಎನ್ನಬಹುದು. ಬೆಸುಗೆಯ ಬಳಿ ಎಣ್ಣೆಯ ಜಿಡ್ಡು ಕಂಡರೆ ಸೋರಿದ್ದು ಅಲ್ಲೇ. ಸೋರಿಕೆ ಹುಡುಕಿ ಮುಚ್ಚದೆ ಗ್ಯಾಸ್ ಮಾತ್ರ ತುಂಬಿಸಿದರೆ ಅದು ಮತ್ತೆ ಹೋಗುತ್ತದೆ. ಹೊಸ ಯಂತ್ರಗಳಲ್ಲಿ ಆರ್290 ಇರಬಹುದು, ಅಂದರೆ ಶುದ್ಧ ಪ್ರೊಪೇನ್, ಹೊತ್ತಿಕೊಳ್ಳುವಂಥದ್ದು. ಅದನ್ನು ತರಬೇತಿ ಇದ್ದ ಮೆಕ್ಯಾನಿಕ್ಕಿಗೇ ಬಿಡಬೇಕು.

ಅತಿ ತಂಪು

ತಂಪು ಹೆಚ್ಚಾದರೂ ಬಿಯರ್ ಕೆಡುತ್ತದೆ. ಶೇ 5 ಆಲ್ಕೊಹಾಲ್ ಇರುವ ಬಿಯರ್ ಮೈನಸ್ 2ರಿಂದ ಮೈನಸ್ 2.5 ಡಿಗ್ರಿಯ ನಡುವೆ ಹೆಪ್ಪುಗಟ್ಟುತ್ತದೆ. ಮೈನಸ್ 5ರ ಗ್ಲೈಕಾಲ್ ಹರಿದರೆ ಬಿಯರ್‌ನೊಳಗಿನ ಕಾಯಿಲಿನ ಮೇಲೂ ಐಸ್ ಕಟ್ಟುತ್ತದೆ. ಏಲ್ ಹುದುಗುವಾಗ ತೊಟ್ಟಿಯನ್ನು 5 ಡಿಗ್ರಿಯಲ್ಲಿಟ್ಟರೂ ಸಾಕು. ಪಂಪ್ ನಿಂತ ಮೇಲೂ ತಾಪಮಾನ ಎರಡು ಮೂರು ಡಿಗ್ರಿ ಜಾರುವ ತೊಂದರೆ ಅಷ್ಟರಲ್ಲೇ ಹೋಗುತ್ತದೆ. ಸೊನ್ನೆಗಿಂತ ಕೆಳಗೆ ಇಳಿಸುವುದು ಕೊನೆಯಲ್ಲಿ ಬಿಯರ್ ತಿಳಿಯಾಗಿಸಲು ತಣಿಸುವಾಗ ಮಾತ್ರ. ಆಗಲೂ ಮೈನಸ್ 2 ಸಾಮಾನ್ಯವಾಗಿ ಸಾಕಾಗುತ್ತದೆ.

ಬೇಗ ತಣಿಸಿದರೆ ಫರ್ಮೆಂಟರಿನೊಳಗಿನ ಗ್ಯಾಸ್ ಕುಗ್ಗಿ, ಬಿಯರ್‌ನಲ್ಲಿ ಕರಗಿ, ಒಳಗೆ ನಿರ್ವಾತ ಉಂಟಾಗುತ್ತದೆ. ಏರ್‌ಲಾಕಿನ ನೀರು ಬಿಯರ್‌ಗೆ ಬೀಳುತ್ತದೆ, ಹಿಂದೆಯೇ ಹೊರಗಿನ ಗಾಳಿ ಸೇರಿ ಬಿಯರ್ ರಟ್ಟಿನ ವಾಸನೆ ಹೊಡೆಯುತ್ತದೆ. ಪ್ಲಾಸ್ಟಿಕ್ ಫರ್ಮೆಂಟರ್ ಒಳಕ್ಕೆ ಚಪ್ಪಟೆಯಾಗುತ್ತದೆ. ತಣಿಸುವ ಮುಂಚೆ ಇಂಗಾಲದ ಡೈಆಕ್ಸೈಡಿನ ಸಣ್ಣ ಒತ್ತಡ ಕೊಟ್ಟಿರಬೇಕು.

ಸೋರಿಕೆ ಮತ್ತು ವಿಷ

ಕೊನೆಯದಾದರೂ ಅತಿ ಮುಖ್ಯವಾದ ದೋಷ ಕಾಯಿಲಿನ ತೂತು. ಪಂಪಿನ ಒತ್ತಡದಿಂದ ಗ್ಲೈಕಾಲ್ ಬಿಯರ್‌ಗೆ ಸೇರಬಹುದು. ಒತ್ತಡದಲ್ಲಿ ಹುದುಗಿಸುವ ಫರ್ಮೆಂಟರಾದರೆ ಬಿಯರೇ ಗ್ಲೈಕಾಲಿಗೆ ನುಗ್ಗಿ ತೊಟ್ಟಿಯಲ್ಲಿ ನೊರೆ ಏಳುತ್ತದೆ. ನೆಲದ ಮೇಲೆ ಎಲ್ಲೂ ತೇವವಿಲ್ಲದೆ ತೊಟ್ಟಿಯ ಮಟ್ಟ ಇಳಿಯುತ್ತಿದ್ದರೆ ಅನುಮಾನ ಕಾಯಿಲಿನ ಮೇಲೆಯೇ. ಖಾಲಿ ಮಾಡಿದ ಕಾಯಿಲಿನ ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಿಂದ ಸೈಕಲ್ ಪಂಪಿನಲ್ಲಿ ಸ್ವಲ್ಪ ಗಾಳಿ ತುಂಬಿ, ಪಂಕ್ಚರ್ ಅಂಗಡಿಯವನು ಟ್ಯೂಬ್ ನೋಡುವ ಹಾಗೆ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ತೋರಿಸಿಕೊಡುತ್ತದೆ. ಪ್ರತಿ ಬ್ಯಾಚಿಗೂ ಮುಂಚೆ ಇದನ್ನು ಮಾಡುವುದು ಒಳ್ಳೆಯ ಅಭ್ಯಾಸ.

ಪ್ರೊಪಿಲೀನ್ ಗ್ಲೈಕಾಲ್ ಆಹಾರದಲ್ಲಿ ಇ1520 ಎಂಬ ಸಂಖ್ಯೆಯಡಿ ಅನುಮತಿ ಪಡೆದ ವಸ್ತು. ಅದರ ಸೋದರರಾದ ಎಥಿಲೀನ್ ಗ್ಲೈಕಾಲ್ ಮತ್ತು ಡೈಎಥಿಲೀನ್ ಗ್ಲೈಕಾಲ್ ಕಿಡ್ನಿಯನ್ನು ನಾಶ ಮಾಡುವ ವಿಷಗಳು. ಮೂರೂ ಬಣ್ಣವಿಲ್ಲದ, ಸಿಹಿಯಾದ ಮಂದ ದ್ರವಗಳು. ಡೈಎಥಿಲೀನ್ ಗ್ಲೈಕಾಲ್ ಬೆರೆತ ಔಷಧಿಯಿಂದ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳ ಸಾವಿಗೆ ಕಾರಣವಾದದ್ದು ಅದೇ ವಿಷ ಬೆರೆತ ಗ್ಲಿಸರಿನ್. ಬಿಯರ್‌ನ ಲೋಕಕ್ಕೆ ಈ ದುರಂತ ಬಂದದ್ದು 2020ರ ಜನವರಿಯಲ್ಲಿ. ಬ್ರೆಜಿಲ್‌ನ ಬೆಲೊ ಒರಿಜೊಂಟೆ ನಗರದ ಬಾಕರ್ ಬ್ರೂವರಿಯ ಬಿಯರ್ ಕುಡಿದವರು ಕಿಡ್ನಿ ನಿಂತು, ನರಗಳು ಸೋತು ಆಸ್ಪತ್ರೆ ಸೇರಿದರು, ಹಲವರು ಪ್ರಾಣ ಬಿಟ್ಟರು. ತಂಪು ದ್ರವ ಟ್ಯಾಂಕಿನಿಂದ ಸೋರಿ ಬಿಯರ್ ಸೇರಿತ್ತು ಎಂದು ಪೊಲೀಸ್ ತನಿಖೆ ಹೇಳಿತು.

ಆದ್ದರಿಂದ ಕಾರಿನ ಕೂಲೆಂಟ್ ಎಷ್ಟೇ ಅಗ್ಗಕ್ಕೆ, ಎಷ್ಟೇ ಹತ್ತಿರದ ಅಂಗಡಿಯಲ್ಲಿ ಸಿಗಲಿ, ಚಿಲ್ಲರ್‌ಗೆ ಹಾಕಬೇಡಿ. ಫುಡ್ ಗ್ರೇಡ್ ಎಂದು ಸ್ಪಷ್ಟವಾಗಿ ಬರೆದ ಪ್ರೊಪಿಲೀನ್ ಗ್ಲೈಕಾಲನ್ನೇ, ತಯಾರಕರ ಪ್ರಮಾಣಪತ್ರ ಕೇಳಿ ಕೊಳ್ಳಿ. ತೊಟ್ಟಿಯ ಹೊರಮೈಯಲ್ಲಿ ದ್ರವದ ಮಟ್ಟಕ್ಕೆ ಒಂದು ಗೆರೆ ಎಳೆದಿಡಿ. ಆ ಗೆರೆಯಿಂದ ಮಟ್ಟ ಇಳಿದು, ಹೊರಗೆಲ್ಲೂ ಸೋರಿಕೆ ಸಿಗದಿದ್ದರೆ, ಆ ಫರ್ಮೆಂಟರಿನ ಬಿಯರನ್ನು ರುಚಿ ನೋಡಲೂ ಹೋಗದೆ ಚೆಲ್ಲಿಬಿಡಿ.